ಬಸ್ರಾಕ್ಕೆ ಹೋಗಿ ಬಾರದವನನ್ನು ಹುಡುಕುವುದು ಹೇಗೆ

ಎಷ್ಟೋ ಮನೆಗಳಲ್ಲಿ ಇಂಥದೊಂದು ಮಾತು ಇರುತ್ತದೆ. ಅಜ್ಜಿಯ ದೊಡ್ಡಪ್ಪನೋ ತಾತನ ಅಣ್ಣನೋ ಒಬ್ಬ ಮಿಲ್ಟ್ರಿ ಸೇರಿದ್ದ, ಬಸ್ರಾ ಕಡೆ ಹೋಗಿದ್ದನಂತೆ, ವಾಪಸ್ ಬರಲೇ ಇಲ್ಲ. ವಯಸ್ಸು ಇಪ್ಪತ್ತೋ ಇಪ್ಪತ್ತೆರಡೋ. ಇಷ್ಟು ಹೇಳಿ ಹಿರಿಯರು ಸುಮ್ಮನಾಗುತ್ತಾರೆ, ಕೇಳಿದ ನಾವೂ ಸುಮ್ಮನಾಗುತ್ತೇವೆ.

ಸುಮ್ಮನಾಗಬೇಕಿಲ್ಲ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೊರದೇಶಕ್ಕೆ ಹೋದವರು 10 ಲಕ್ಷಕ್ಕೂ ಹೆಚ್ಚು, ಸತ್ತವರು ಸುಮಾರು 74,000. ಎರಡನೆಯದರಲ್ಲಿ ಸತ್ತವರು ಸುಮಾರು 87,000. ಇವರಲ್ಲಿ ಬಹಳ ಮಂದಿಯ ಹೆಸರು ಇವತ್ತು ಆನ್‌ಲೈನ್‌ನಲ್ಲಿ ಸಿಗುತ್ತದೆ, ಬರೀ ಹೆಸರಲ್ಲ, ರೆಜಿಮೆಂಟು, ನಂಬರು, ಸತ್ತ ತಾರೀಖು, ಯಾವ ದೇಶದಲ್ಲಿ ಅವನ ಹೆಸರಿಟ್ಟಿದ್ದಾರೆ ಅನ್ನೋದು ಕೂಡ. ದುಡ್ಡು ಕೊಡಬೇಕಿಲ್ಲ. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾರ, ಫ್ಲೆಕ್ಸು, ವಾಟ್ಸಾಪ್ ಸ್ಟೇಟಸ್ಸು ಎಲ್ಲ ಆಮೇಲೆ. ಮೊದಲು ಹೆಸರು, ನಂಬರು, ತಾರೀಖು. ಈ ಮೂರು ಇಲ್ಲದೆ ನೆನೆದರೆ ಯಾವನೋ ಒಬ್ಬ ಯೋಧನನ್ನು ನೆನೆದ ಹಾಗಾಗುತ್ತದೆ, ನಿಮ್ಮ ಮನೆಯ ಹುಡುಗನನ್ನಲ್ಲ.

ಶುರು ಮನೆಯಿಂದ

ಮನೆಯಲ್ಲಿರುವ ಅತಿ ಹಿರಿಯರ ಹತ್ತಿರ ಕೂತು ಕೇಳಿ. ಆದರೆ "ಯಾವ ಯುದ್ಧ? ಯಾವ ವರ್ಷ?" ಅಂತ ಪರೀಕ್ಷೆ ಮಾಡಬೇಡಿ, ಅವರಿಗೆ ಇಸವಿ ನೆನಪಿರುವುದಿಲ್ಲ. ಹೀಗೆ ಕೇಳಿ: ತಾರು ಬಂದಾಗ ಮನೆಯಲ್ಲಿ ಯಾರಿದ್ದರಂತೆ? ಅವನ ತಂದೆ ಬದುಕಿದ್ದರಾ? ಆಮೇಲೆ ಪಿಂಚಣಿ ಯಾರಿಗೆ ಬರುತ್ತಿತ್ತು, ಯಾವ ಊರಿಗೆ ಹೋಗಿ ತರುತ್ತಿದ್ದರು? ಪ್ಲೇಗಿಗೆ ಮೊದಲೋ ಆಮೇಲೋ, ಗಾಂಧಿ ಬಂದಮೇಲೋ ಮುಂಚೆಯೋ, ಮನೆ ಕಟ್ಟಿದ ವರ್ಷವೋ? ಇಂಥ ಗುರುತಿನಿಂದಲೇ ಮೊದಲ ಯುದ್ಧವೋ ಎರಡನೆಯದೋ ಅಂತ ತಿಳಿಯುತ್ತದೆ. "ಬಸ್ರಾ" ಅಂದಮಾತ್ರಕ್ಕೆ ಬಸ್ರಾ ಊರೇ ಅಂದುಕೊಳ್ಳಬೇಡಿ. ಇಂದಿನ ಇರಾಕಿನ ಯಾವ ಮೂಲೆಯಲ್ಲಿ ಸತ್ತರೂ ಮನೆಯವರ ಬಾಯಲ್ಲಿ ಅದು ಬಸ್ರಾ ಆಗಿರಬಹುದು, ಯಾಕೆಂದರೆ ಹಡಗು ಇಳಿಯುತ್ತಿದ್ದದ್ದು ಅಲ್ಲಿ.

ತಂದೆಯ ಹೆಸರು ಮತ್ತು ಆಗ ಅವರಿದ್ದ ಊರು, ಇವೆರಡನ್ನು ಬಿಡದೆ ಬರೆದುಕೊಳ್ಳಿ. ಈಗಿರುವ ಊರಲ್ಲ, ಆಗಿದ್ದ ಊರು.

ಆಮೇಲೆ ಟ್ರಂಕು, ಅಟ್ಟ, ದೇವರ ಮನೆಯ ಡಬ್ಬಿ. ಹುಡುಕಬೇಕಾದ್ದು ಪದಕ. ಮೊದಲ ಯುದ್ಧದ್ದಾದರೆ ಮುಖ್ಯವಾಗಿ ಎರಡು: ಒಂದು ಬೆಳ್ಳಿಯದು, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಸವಾರ ಮತ್ತು 1914, 1918 ಅನ್ನುವ ಇಸವಿ. ಇನ್ನೊಂದು ಕಂಚಿನದು, ರೆಕ್ಕೆಯ ಹೆಂಗಸಿನ ಚಿತ್ರ, ಕಾಮನಬಿಲ್ಲಿನ ಬಣ್ಣದ ರಿಬ್ಬನ್. ಸಾಮಾನು ಹೊತ್ತವರಿಗೆ, ಕೂಲಿ ದಳದವರಿಗೆ ಆ ಮೊದಲನೆಯದನ್ನೇ ಬೆಳ್ಳಿಯ ಬದಲು ಕಂಚಿನಲ್ಲಿ ಕೊಟ್ಟರು. ಹಾಗಾಗಿ ಸವಾರನ ಚಿತ್ರವಿರುವ ಪದಕ ಕಂಚಿನದಾಗಿದ್ದರೆ ನಕಲಿ ಅಂತ ಎತ್ತಿಡಬೇಡಿ, ಅದೇ ಒಂದು ಸುಳಿವು.

ಪದಕದ ಮುಖ ನೋಡಿ ಪ್ರಯೋಜನವಿಲ್ಲ, ಅಂಚು ನೋಡಿ. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಪದಕವನ್ನು ನಿಧಾನ ತಿರುಗಿಸಿದರೆ ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳು ಎದ್ದು ಕಾಣುತ್ತವೆ: ನಂಬರು, ದರ್ಜೆ, ಹೆಸರು, ಪಡೆ. ನೂರು ವರ್ಷದಿಂದ ಮನೆಯಲ್ಲಿದ್ದ ಉತ್ತರ ಅದು. ಒಂದು ಬೇಡಿಕೆ, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಪಾತ್ರೆ ಪುಡಿಯೂ ಬೇಡ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಅಂಗೈಯಗಲದ, ಸುಮಾರು 12 ಸೆಂಟಿಮೀಟರಿನ ಕಂಚಿನ ಬಿಲ್ಲೆ, ಅದರ ಮೇಲೆ ಒಂದು ಸಿಂಹ, ಒಂದು ಹೆಣ್ಣು, ಒಂದು ಚೌಕದೊಳಗೆ ಬರೀ ಹೆಸರು ಇದ್ದರೆ ಅದು ಸತ್ತವರ ಮನೆಗೆ ಕಳಿಸಿದ ಬಿಲ್ಲೆ. ಅದರಲ್ಲಿ ದರ್ಜೆ ಬರೆಯಲಿಲ್ಲ, ಬೇಕೆಂದೇ. ಸತ್ತಮೇಲೆ ಕರ್ನಲ್ಲೂ ಸಿಪಾಯಿಯೂ ಒಂದೇ ಅನ್ನುವ ಲೆಕ್ಕ. ಬದುಕಿದ್ದಾಗ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ ಕೊಟ್ಟವರ ಲೆಕ್ಕ, ಇರಲಿ.

ಯಾವ ಪಡೆ ಅಂತ ಊಹಿಸುವುದು

ಪದಕ ಸಿಗಲಿಲ್ಲ ಅಂದರೆ ಊರಿನಿಂದ ಊಹೆ ಮಾಡಬಹುದು. ಬೆಳಗಾವಿ, ಧಾರವಾಡ, ವಿಜಯಪುರ ಆಗ ಮುಂಬೈ ಪ್ರಾಂತ್ಯ. ಆ ಕಡೆಯವರಾದರೆ ಮರಾಠಾ ಪಲ್ಟಣಗಳನ್ನು ಮೊದಲು ನೋಡಿ: 103, 105, 110, 114, 116, 117. ಇದರಲ್ಲಿ 103, 110, 117 ಮೂರೂ ಇರಾಕಿನ ಕೂತ್ ಎಂಬ ಊರಲ್ಲಿ ಸಿಕ್ಕಿಹಾಕಿಕೊಂಡವು. 1915ರ ಡಿಸೆಂಬರಿನಿಂದ ತುರ್ಕರ ಮುತ್ತಿಗೆ, ತಿನ್ನಲು ಇಲ್ಲದೆ 1916ರ ಏಪ್ರಿಲ್ 29ಕ್ಕೆ ಶರಣಾಗತಿ. ಆಮೇಲೆ ಸೆರೆಯಾದವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು, ದಾರಿಯಲ್ಲೇ ಬಹಳ ಮಂದಿ ಸತ್ತರು. ನಿಮ್ಮವನ ತಾರೀಖು 1916ರ ಮೇ ತಿಂಗಳ ನಂತರದ್ದಾಗಿದ್ದು ಪಡೆ ಈ ಮೂರರಲ್ಲಿ ಒಂದಾದರೆ, ಗುಂಡೇಟಿನಿಂದಲೇ ಸತ್ತ ಅಂತ ತಿಳಿಯಬೇಡಿ. ಹಸಿವು, ಬೇಧಿ, ಬಿಸಿಲು ಇದ್ದೇ ಇರುತ್ತದೆ.

ಹಳೇ ಮೈಸೂರಿನವರಾದರೆ ಮೈಸೂರು ಲ್ಯಾನ್ಸರ್ಸ್. ಇದು ಮಹಾರಾಜರ ಕುದುರೆ ಪಡೆ, ಸೂಯೆಜ್ ಕಾಲುವೆ, ಪ್ಯಾಲೆಸ್ತೀನ್, ಸಿರಿಯಾ ಕಡೆ ಹೋರಾಡಿತು. ಬೆಂಗಳೂರು ಕೋಲಾರದ ಕಡೆಯವರಾದರೆ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಇಂಜಿನಿಯರ್ ಪಡೆ) ಅಥವಾ ಪಯೋನಿಯರ್ಸ್ (ಸೈನ್ಯಕ್ಕೆ ದಾರಿ ಮಾಡಿಕೊಡುವ ಪಡೆ), ಅದರಲ್ಲೂ 61, 64, 81ನೇ ಪಯೋನಿಯರ್ಸ್. ಎರಡನೇ ಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿ ಸಿಂಗಾಪುರದಲ್ಲಿತ್ತು, 1942ರ ಫೆಬ್ರವರಿಯಲ್ಲಿ ಅಲ್ಲೇ ಸೆರೆಯಾಯಿತು. ಕೊಡಗಿನವರು ಬೇರೆ ಬೇರೆ ಪಡೆಗಳಲ್ಲಿ ಹಂಚಿಹೋಗಿದ್ದರು, ಊಹೆ ಕಷ್ಟ.

ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. 1922ರಲ್ಲಿ ಪಲ್ಟಣಗಳ ನಂಬರು ಪೂರ್ತಿ ಬದಲಾಯಿತು. 110ನೇ ಮರಾಠಾ ಆಮೇಲೆ 5ನೇ ಮರಾಠಾದ 3ನೇ ಬೆಟಾಲಿಯನ್ ಆಯಿತು. ಹಾಗಾಗಿ ಕಾಗದದಲ್ಲಿ ಒಂದು ನಂಬರು, ಅಜ್ಜನ ಬಾಯಲ್ಲಿ ಇನ್ನೊಂದು ನಂಬರು ಇದ್ದರೆ ಎರಡೂ ಸರಿ ಇರಬಹುದು.

ಹೆಸರು ಹುಡುಕುವುದು

ಈಗ ಮುಖ್ಯ ಕೆಲಸ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಲ್ಲಿ ಶುರುವಾದದ್ದು. ಎರಡೂ ಮಹಾಯುದ್ಧದಲ್ಲಿ ಸತ್ತ ಸುಮಾರು 17 ಲಕ್ಷ ಮಂದಿಯ ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ಗುಂಡಿಗೆ ಸತ್ತವರು ಮಾತ್ರ ಅಲ್ಲ. ಸೇವೆಯಲ್ಲಿದ್ದಾಗ ಜ್ವರದಿಂದ, ಕಾಲರಾದಿಂದ, 1918ರ ಇನ್‌ಫ್ಲುಯೆಂಜಾದಿಂದ ಸತ್ತವರೂ ಸೇರುತ್ತಾರೆ. ಅವರ ಲೆಕ್ಕದಲ್ಲಿ ಮೊದಲ ಯುದ್ಧ ಅಂದರೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಎರಡನೆಯದು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಆದ್ದರಿಂದ "ಯುದ್ಧ ಮುಗಿದ ಮೇಲೆ ಸತ್ತನಂತೆ" ಅನ್ನುವವರನ್ನೂ ಹುಡುಕಿ ನೋಡಿ.

ಹೆಸರು ಹಾಕಿ ಎಂಟರ್ ಒತ್ತಿದರೆ ಸಿಗುವುದಿಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳಿ. ಭರ್ತಿ ಮಾಡಿದ ಗುಮಾಸ್ತ ಕನ್ನಡದವನಲ್ಲ. ಹುಡುಗ ಹೇಳಿದ್ದು ಒಂದು, ಅವನ ಕಿವಿಗೆ ಬಿದ್ದದ್ದು ಒಂದು, ಬರೆದದ್ದು ಇನ್ನೊಂದು. ನಿಂಗಪ್ಪ ಲಿಂಗಪ್ಪ ಆಗಿರುತ್ತಾನೆ, ತಿಮ್ಮಯ್ಯನಿಗೆ ಎಚ್ ಸೇರಿರುತ್ತದೆ ಅಥವಾ ಬಿಟ್ಟುಹೋಗಿರುತ್ತದೆ, ರಾಮಪ್ಪ ಬರೀ ರಾಮಾ ಆಗಿರಬಹುದು. ನಮ್ಮವರಿಗೆ ಆಗ ಅಡ್ಡಹೆಸರು ಬರೆಯುವ ರೂಢಿ ಎಲ್ಲಿತ್ತು, ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿರುತ್ತಾರೆ. ಕೊಡಗಿನವರಾದರೆ ಮನೆಹೆಸರಿನಲ್ಲೂ ಸ್ವಂತ ಹೆಸರಿನಲ್ಲೂ ಎರಡು ಸಲ ಹುಡುಕಬೇಕು.

ನನಗೆ ಅನುಕೂಲ ಅನ್ನಿಸಿದ ದಾರಿ ಬೇರೆ. ಹೆಸರನ್ನೇ ಬಿಟ್ಟುಬಿಡಿ. ಅಡ್ವಾನ್ಸ್ಡ್ ಸರ್ಚಿಗೆ ಹೋಗಿ, ಯಾವ ಯುದ್ಧ ಅಂತ ಆರಿಸಿ, ಸೇವೆ ಅನ್ನುವಲ್ಲಿ ಇಂಡಿಯನ್ ಅಂತ ಇಡಿ, ಹೆಚ್ಚುವರಿ ಮಾಹಿತಿ ಅನ್ನುವ ಖಾನೆಯಲ್ಲಿ ಊರಿನ ಅಥವಾ ಜಿಲ್ಲೆಯ ಹೆಸರು ಹಾಕಿ. ಎಷ್ಟೋ ದಾಖಲೆಗಳಲ್ಲಿ "ಇಂಥವರ ಮಗ, ಇಂಥ ಊರು, ಇಂಥ ತಾಲೂಕು" ಅಂತ ಒಂದು ಸಾಲು ಇರುತ್ತದೆ. ನೀವು ಬರೆದುಕೊಂಡ ತಂದೆಯ ಹೆಸರು ಕೆಲಸಕ್ಕೆ ಬರುವುದು ಇಲ್ಲಿ. ಊರಿನ ಪಟ್ಟಿ ತೆರೆದು, ತಂದೆಯ ಹೆಸರು ನೋಡುತ್ತ ಬಂದರೆ ಮಗ ಸಿಗುತ್ತಾನೆ.

ಆದರೆ ಊರಿನ ಹೆಸರು ಅಂದಿನದಾಗಿರಬೇಕು, ಇಂಗ್ಲಿಷರು ಬರೆಯುತ್ತಿದ್ದ ಹಾಗಿರಬೇಕು. ಮಡಿಕೇರಿ ಅಂತ ಹಾಕಿದರೆ ಏನೂ ಬರದಿರಬಹುದು, ಮರ್ಕಾರಾ ಅಂತ ಹಾಕಿ. ಕುಶಾಲನಗರಕ್ಕೆ ಫ್ರೇಜರ್‌ಪೇಟ್, ರಾಮನಗರಕ್ಕೆ ಕ್ಲೋಸ್‌ಪೇಟ್, ಬಂಗಾರಪೇಟೆಗೆ ಬೌರಿಂಗ್‌ಪೇಟ್, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್, ಕೃಷ್ಣರಾಜನಗರಕ್ಕೆ ಎಡತೊರೆ, ಚಿತ್ರದುರ್ಗಕ್ಕೆ ಚಿತಲ್‌ದ್ರುಗ್, ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಮ್. ಚಿಕ್ಕಮಗಳೂರು ಜಿಲ್ಲೆ ಆಗ ಕಡೂರು ಜಿಲ್ಲೆ. ಧಾರವಾಡದ ಕೊನೆಗೆ ಡಿ ಅಲ್ಲ, ಆರ್. ಇಷ್ಟು ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂತರೆ ಒಂದು ಭಾನುವಾರ ಸಾಕು.

ಸಿಕ್ಕ ಕೂಡಲೇ ಕುಣಿಯಬೇಡಿ. ಅದೇ ಹೆಸರು, ಅದೇ ಜಿಲ್ಲೆ, ಇಬ್ಬರು ಮೂವರು ಇರುತ್ತಾರೆ. ತಂದೆ, ಊರು, ಕಾಲ, ಈ ಮೂರರಲ್ಲಿ ಎರಡಾದರೂ ಹೊಂದಬೇಕು. ಹೊಂದಿದರೆ ಆ ಪುಟದ ಕೆಳಗಿರುವ ಹಳೆಯ ರಿಜಿಸ್ಟರಿನ ಸ್ಕ್ಯಾನ್ ಇಳಿಸಿಕೊಳ್ಳಿ. ವೆಬ್‌ಸೈಟಿನಲ್ಲಿ ಟೈಪ್ ಮಾಡಿದ್ದರಲ್ಲಿ ತಪ್ಪಾಗಿದ್ದರೂ ಮೂಲದಲ್ಲಿ ಸರಿ ಇರಬಹುದು. ಹೆಸರಿರುವ ಒಂದು ಸ್ಮರಣಪತ್ರವನ್ನೂ ಅಲ್ಲಿಂದಲೇ ಪ್ರಿಂಟ್ ತೆಗೆಯಬಹುದು.

ಕಲ್ಲು ಎಲ್ಲಿದೆ

ಹಿಂದೂ ಸಿಖ್ಖರನ್ನು ಸುಟ್ಟರು, ಮುಸ್ಲಿಮರನ್ನು, ಕ್ರೈಸ್ತರನ್ನು ಹೂಳಿದರು. ಆದ್ದರಿಂದ ನಿಮ್ಮವನಿಗೆ ಸಮಾಧಿ ಇಲ್ಲ ಅಂತ ಬಂದರೆ ಕಡೆಗಣಿಸಿದರು ಅಂತಲೇ ಅರ್ಥವಲ್ಲ. ಹೆಸರು ಯಾವುದೋ ಸ್ಮಾರಕದ ಮೇಲೆ ಇರುತ್ತದೆ. ಫ್ರಾನ್ಸಿನಲ್ಲಿ ಸತ್ತವರಿಗೆ ನ್ಯೂವ್ ಶಪೆಲ್, ಅಲ್ಲಿ 4,700ಕ್ಕೂ ಹೆಚ್ಚು ಹೆಸರಿವೆ. ಬರ್ಮಾದವರಿಗೆ ರಂಗೂನ್ ಹತ್ತಿರದ ಟೌಕ್ಯಾನ್, ಮಲಯ ಸಿಂಗಾಪುರದವರಿಗೆ ಕ್ರಾಂಜಿ, ಎರಿಟ್ರಿಯಾದಲ್ಲಿ ಕೆರೆನ್, ಇಟಲಿಯಲ್ಲಿ ಸಾಂಗ್ರೊ ನದಿ. ಈಜಿಪ್ಟು ಪ್ಯಾಲೆಸ್ತೀನಿನವರ ಸ್ಮಾರಕ ಮೊದಲು ಸೂಯೆಜ್ ಕಾಲುವೆಯ ಬಾಯಲ್ಲಿತ್ತು, ಇಸ್ರೇಲ್ ಈಜಿಪ್ಟ್ ಯುದ್ಧದಲ್ಲಿ ಒಡೆದುಹೋಯಿತು, 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನಲ್ಲಿ ಮತ್ತೆ ಕಟ್ಟಿದರು.

ಬಸ್ರಾದ್ದು ಮಾತ್ರ ಹೊಟ್ಟೆ ಉರಿಸುವ ಕಥೆ. 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಅದು. ಕಟ್ಟುವಾಗ ಬ್ರಿಟಿಷರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ಭಾರತೀಯ ಸಿಪಾಯಿಗಳಿಗೆ ಬಂದಾಗ ಪಲ್ಟಣದ ಹೆಸರು ಬರೆದು ಇಷ್ಟು ಜನ ಅಂತ ಎಣಿಕೆ ಹಾಕಿ ಮುಗಿಸಿದರು. ಹೆಸರು ಪುಸ್ತಕದಲ್ಲಿ ಉಳಿಯಿತು, ಕಲ್ಲಿನ ಮೇಲೆ ಬರಲಿಲ್ಲ. ಊರ ದನ ಕಾಯಲು ಹೋಗಿ ಸತ್ತವನಿಗೂ ವೀರಗಲ್ಲು ನೆಟ್ಟ ನಾಡಿನವರು ನಾವು. 2021ರಲ್ಲಿ ಕಮಿಷನ್ನೇ ವರದಿ ಹೊರಡಿಸಿ ಒಪ್ಪಿಕೊಂಡಿತು: ಭಾರತ, ಆಫ್ರಿಕಾದ 45,000ದಿಂದ 54,000 ಮಂದಿಗೆ ಸಮನಾದ ಗೌರವ ಸಿಗಲಿಲ್ಲ, ಇನ್ನೂ ಕನಿಷ್ಠ 1,16,000 ಮಂದಿಯ ಹೆಸರೇ ಎಲ್ಲೂ ಬರಲಿಲ್ಲ ಅಂತ.

ಇದು ನಿಮಗೆ ಯಾಕೆ ಬೇಕು ಅಂದರೆ, ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ ಮನೆಯವರು ಸುಳ್ಳು ಹೇಳಿದರು ಅಂತ ತಿಳಿಯಬೇಡಿ. ಅವನು ಸೇವೆಯಲ್ಲಿದ್ದ, ಆ ತಾರೀಖುಗಳ ಒಳಗೆ ಸತ್ತ ಅನ್ನುವುದಕ್ಕೆ ಕಾಗದ ಇದ್ದರೆ, ಪಿಂಚಣಿ ಪತ್ರವೋ ಬಿಲ್ಲೆಯೋ ಏನಾದರೂ, ಕಮಿಷನ್ನಿಗೆ ಬರೆದು ಹೆಸರು ಸೇರಿಸಿ ಅಂತ ಕೇಳಬಹುದು. ತಪ್ಪಿದ್ದರೆ ತಿದ್ದಿ ಅಂತಲೂ ಕೇಳಬಹುದು. ಕಾಗದಕ್ಕಾಗಿ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಅಭಿಲೇಖ್ ಪಟಲ್ ಜಾಲತಾಣ ನೋಡಿ. ಮನೆಯ ಜಮೀನಿನ ಹಳೆಯ ಕಾಗದವನ್ನೂ ಒಮ್ಮೆ ಬಿಚ್ಚಿ, ಯುದ್ಧಕ್ಕೆ ಹೋದವರ ಮನೆಗೆ ಸರ್ಕಾರ ಭೂಮಿ ಕೊಟ್ಟದ್ದುಂಟು.

ಆ ದಿನ ಏನಾಯಿತು

ತಾರೀಖೂ ಪಡೆಯೂ ಸಿಕ್ಕಮೇಲೆ ಆ ದಿನ ಅಲ್ಲಿ ಏನು ನಡೆಯಿತು ಅಂತ ಓದಬಹುದು. ಪ್ರತಿ ಪಲ್ಟಣವೂ ದಿನಚರಿ ಬರೆಯುತ್ತಿತ್ತು. ಮೊದಲ ಯುದ್ಧದವು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 95 ಅನ್ನುವ ಸರಣಿಯಲ್ಲಿವೆ. ನಿಮ್ಮವನ ಹೆಸರು ಅದರಲ್ಲಿ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಸಾಮಾನ್ಯವಾಗಿ ಅಧಿಕಾರಿಗಳ ಹೆಸರಷ್ಟೇ ಬರೆಯುತ್ತಿದ್ದರು. ಆದರೆ ಮಳೆ ಬಂತೇ, ನೀರು ಸಿಕ್ಕಿತೇ, ಎಷ್ಟು ದೂರ ನಡೆದರು, ಎಲ್ಲ ಇರುತ್ತದೆ.

ಮೈಸೂರು ಲ್ಯಾನ್ಸರ್ಸ್ ಹುಡುಗನಾದರೆ ಎರಡು ತಾರೀಖು ತಲೆಯಲ್ಲಿರಲಿ. ಒಂದು, 1918ರ ಸೆಪ್ಟೆಂಬರ್ 23, ಇಂದಿನ ಇಸ್ರೇಲಿನ ಹೈಫಾ. ಜೋಧಪುರದವರ ಜೊತೆ ಸೇರಿ ಈಟಿ ಹಿಡಿದು ಕುದುರೆ ಮೇಲೆ ಹೋಗಿ ಮಶಿನ್‌ಗನ್ನು ಇಟ್ಟುಕೊಂಡಿದ್ದ ತುರ್ಕರ ಕೈಯಿಂದ ಊರನ್ನು ಕಿತ್ತುಕೊಂಡ ದಿನ. ಇದನ್ನು ಈಗ ಎಲ್ಲರೂ ಹೇಳುತ್ತಾರೆ, ಸೈನ್ಯ ಹೈಫಾ ದಿನ ಅಂತಲೂ ಆಚರಿಸುತ್ತದೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಅಕ್ಟೋಬರ್ 26, ಸಿರಿಯಾದ ಅಲೆಪ್ಪೊ ಊರಿನ ಉತ್ತರಕ್ಕಿರುವ ಹರಿತಾನ್. ಅಲ್ಲೂ ಇದೇ ಎರಡು ಪಡೆ ನುಗ್ಗಿದವು. ಎದುರಿಗಿದ್ದವರು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಇದ್ದರು. ತುರ್ಕರ ಜೊತೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ 30ಕ್ಕೆ. ನಾಲ್ಕು ದಿನ!

1947ರ ನಂತರದ ಯುದ್ಧವಾದರೆ ದಾರಿ ಸುಲಭ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ (2019ರಲ್ಲಿ ತೆರೆದದ್ದು) 25,000ಕ್ಕೂ ಹೆಚ್ಚು ಹೆಸರಿವೆ, ಶ್ರೀಲಂಕಾದಲ್ಲಿ ಸತ್ತ ಶಾಂತಿಪಡೆಯವರದೂ ಸೇರಿ, ವೆಬ್‌ಸೈಟಿನಲ್ಲೇ ಹುಡುಕಬಹುದು. ಮಿಕ್ಕದ್ದಕ್ಕೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ, ರೆಜಿಮೆಂಟಿನ ರೆಕಾರ್ಡ್ ಆಫೀಸು.

ನೆನೆಯುವುದು

ಶ್ರಾದ್ಧ ಮಾಡುವ ಮನೆಯಾದರೆ ತಾರೀಖು ಸಿಕ್ಕಮೇಲೆ ತಿಥಿ ತೆಗೆಯುವುದು ಕಷ್ಟವಲ್ಲ, ಹಳೆಯ ಇಸವಿಗಳ ಪಂಚಾಂಗವೂ ಈಗ ಮೊಬೈಲಿನಲ್ಲಿ ಸಿಗುತ್ತದೆ. ಹೈಫಾ ದಿನ 1918ರಲ್ಲಿ ಭಾದ್ರಪದ ಬಹುಳದಲ್ಲಿ ಬಿದ್ದಿತ್ತು, ಅಂದರೆ ಪಿತೃಪಕ್ಷದಲ್ಲೇ. ತಾರೀಖು ಸಿಗಲೇ ಇಲ್ಲ ಅಂದರೆ ಆಯುಧದಿಂದ ಸತ್ತವರಿಗೆಂದೇ ಪಕ್ಷದ ಚತುರ್ದಶಿ ಇದೆ, ಘಾತ ಚತುರ್ದಶಿ ಅನ್ನುತ್ತಾರೆ. ಅದೂ ಬೇಡವಾದರೆ ಮಹಾಲಯ ಅಮಾವಾಸ್ಯೆ. ಎಡೆ ಇಡುವಾಗ "ಮಿಲ್ಟ್ರಿಗೆ ಹೋದವನು" ಅನ್ನುವ ಬದಲು ಹೆಸರು ಹಿಡಿದು ಕರೆಯಿರಿ, ಅಷ್ಟಕ್ಕೇ ಅಲ್ವಾ ಇಷ್ಟೆಲ್ಲ ಹುಡುಕಿದ್ದು? ಫಾತಿಹಾ ಓದಿಸುವ ಮನೆಗೂ, ನವೆಂಬರಿನಲ್ಲಿ ಸತ್ತವರ ಪೂಜೆ ಕೊಡುವ ಮನೆಗೂ ಇದೇ ಮಾತು. ಮೈಸೂರಿನ ಕುದುರೆ ಪಡೆಯಲ್ಲಿ ಬೇರೆ ಬೇರೆ ಜಾತಿ ಧರ್ಮದ ಹುಡುಗರಿದ್ದರು.

ಕೈರೋಗೋ ಬಸ್ರಾಗೋ ಹೋಗಲು ಎಲ್ಲರಿಗೂ ಆಗುವುದಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆ ಸೇರುವಲ್ಲಿ ಮದ್ರಾಸ್ ಪಯೋನಿಯರ್ಸ್ ಕಂಬವಿದೆ, ದಿನಾ ಅದರ ಮುಂದೆ ಸಿಗ್ನಲ್ಲಿನಲ್ಲಿ ನಿಲ್ಲುವವರು ತಲೆ ಎತ್ತಿಯೂ ನೋಡಿರುವುದಿಲ್ಲ. ಮರಾಠಾ ಪಲ್ಟಣದವರ ಮನೆಯವರಿಗೆ ಬೆಳಗಾವಿಯ ರೆಜಿಮೆಂಟಲ್ ಸೆಂಟರ್ ಇದೆ. ದೆಹಲಿಗೆ ಹೋದಾಗ ತೀನ್ ಮೂರ್ತಿ ವೃತ್ತದಲ್ಲಿ ನಿಲ್ಲಿ, ಅಲ್ಲಿ ಪ್ರತಿಮೆಯಾಗಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ದೂರದ ಸ್ಮಾರಕದ ಫೋಟೋ ಬೇಕಿದ್ದರೆ ಆ ಊರಲ್ಲಿರುವ ಕನ್ನಡದವರನ್ನು ಕೇಳಿ. ಹೆಸರಿನ ಜೊತೆ ಫಲಕದ ನಂಬರೂ ಕಳಿಸಿ, ಕ್ರಾಂಜಿಯಂಥ ಕಡೆ 24,000 ಹೆಸರಿನಲ್ಲಿ ಪಾಪ ಅವರು ಎಲ್ಲಿ ಅಂತ ಹುಡುಕುತ್ತಾರೆ.

ಬರೆದಿಡುವಾಗ ಉಬ್ಬಿಸಬೇಡಿ. "ಭಾರತಮಾತೆಗಾಗಿ ಪ್ರಾಣ ಕೊಟ್ಟ" ಅಂತ 1916ರಲ್ಲಿ ಸತ್ತವನಿಗೆ ಬರೆದರೆ ಅದು ನಿಮ್ಮ ಮಾತು, ಅವನದಲ್ಲ. ಅವನು ಸಂಬಳಕ್ಕೆ ಹೋಗಿರಬಹುದು, ಬರಗಾಲಕ್ಕೆ ಹೆದರಿ ಹೋಗಿರಬಹುದು, ಅಪ್ಪನ ಜೊತೆ ಜಗಳ ಮಾಡಿಕೊಂಡು ಹೋಗಿರಬಹುದು, ಕುದುರೆ ಅಂದರೆ ಇಷ್ಟ ಅಂತಲೂ ಹೋಗಿರಬಹುದು. ಅದರಲ್ಲಿ ನಾಚಿಕೆಯೇನಿಲ್ಲ. ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯಿರಿ. ಫೋಟೋ ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ, ಆ್ಯಪ್‌ನಲ್ಲಿ ಮೀಸೆ ಬರೆಸಿ ಒಂದು ಮುಖ ತಯಾರಿಸಿ ಗೋಡೆಗೆ ಹಾಕಬೇಡಿ. ಇನ್ನೆರಡು ತಲೆಮಾರಿಗೆ ಅದೇ ಅವನ ಮುಖ ಆಗಿಬಿಡುತ್ತದೆ.

ಒಂದೇ ಹಾಳೆ ಸಾಕು: ಹೆಸರು ಕನ್ನಡದಲ್ಲಿ, ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಹೇಗೆ ಬರೆದಿದೆಯೋ ಹಾಗೆ, ನಂಬರು, ದರ್ಜೆ, ಪಡೆ, ತಂದೆ ತಾಯಿ, ಊರು, ಸತ್ತ ತಾರೀಖು ತಿಥಿ, ಸ್ಮಾರಕದ ಹೆಸರು, ಫಲಕದ ನಂಬರು, ಕೆಳಗೆ ಅಜ್ಜಿ ಹೇಳಿದ ನಾಲ್ಕು ಮಾತು ಅಜ್ಜಿಯ ಮಾತಲ್ಲೇ. ಒಂದು ಪ್ರತಿ ಪದಕದ ಡಬ್ಬಿಯಲ್ಲಿ, ಒಂದು ಊರಿನ ಶಾಲೆಗೆ, ಒಂದೊಂದು ದಾಯಾದಿಗಳ ಮನೆಗೆ, ಮಾತು ಬಿಟ್ಟಿದ್ದರೂ ಪರವಾಗಿಲ್ಲ. ಪದಕದ ಇನ್ನೊಂದು ಜೋಡಿ ಅಥವಾ ಒಂದು ಕಾಗದ ಅವರ ಅಟ್ಟದಲ್ಲಿ ಇದ್ದರೂ ಇರಬಹುದು.